ಇರುವೆ ಮುಟ್ಟದ ರಂಗೋಲಿ

"ಇದು ಹಾಲಲ್ಲ," ಎಂದರು ಡಾಕ್ಟರ್ ಶ್ರೀಗೌರಿ.

ಕೇದಾರನಿಗೆ ಚೆನ್ನಾಗಿಯೇ ಕೇಳಿಸಿತು. ಆದರೂ ಕೇಳಿಸದವನ ಹಾಗೆ, ಪಶು ಆಸ್ಪತ್ರೆಯ ಕಿಟಕಿಯಾಚೆ ಕಟ್ಟಿಹಾಕಿದ್ದ ಎಮ್ಮೆಯನ್ನು ನೋಡುತ್ತ ನಿಂತ. ಎಮ್ಮೆಯೂ ಅವನನ್ನು ನೋಡಿತು. ಮೊದಲು ಕಣ್ಣು ತಗ್ಗಿಸಿದವನು ಕೇದಾರ.

ಮೇಜಿನ ಮೇಲೆ ಸಣ್ಣದೊಂದು ಗಾಜಿನ ಬಾಟಲಿ. ತಳದಲ್ಲಿ ಗಸಿ. ಕೋಟೆ ಬೀದಿಯ ನಾಯಿಮರಿ ಸಾಯುವ ಮುಂಚೆ ಕಕ್ಕಿದ್ದು. ಇಷ್ಟು ದಿನ ಬೆಳ್ಳಗಿದ್ದ ಅದಕ್ಕೆ ಡಾಕ್ಟರು ಈಗಷ್ಟೇ ಟಿಂಚರ್ ಅಯೋಡಿನ್ನಿನ ಒಂದು ತೊಟ್ಟು ಬಿಟ್ಟಿದ್ದರು. ನೋಡುನೋಡುತ್ತಲೇ ಶಾಯಿ ಚೆಲ್ಲಿದ ಹಾಗೆ ಕಡುನೀಲಿಯಾಗಿತ್ತು.

"ಹಾಲಿಗೆ ಈ ಬಣ್ಣ ಬರಲ್ಲ ಕೇದಾರ್. ಹಿಟ್ಟಿಗೆ ಬರತ್ತೆ. ಅಕ್ಕಿ ಹಿಟ್ಟಿರಬೇಕು."

"ಹಾಲಿಗೇ ಹಿಟ್ಟು ಬೆರೆಸಿರಬಹುದಲ್ಲ ಡಾಕ್ಟ್ರೇ? ಗಟ್ಟಿಯಾಗಿ ಕಾಣ್ಲಿ ಅಂತ?"

"ಹಾಲು ಕುಡಿದಿದ್ರೆ ಹೊಟ್ಟೇಲಿ ಒಡೆದು ಗಂಟು ಗಂಟಾಗಿರೋದು. ಇದರಲ್ಲಿ ಒಂದು ಗಂಟೂ ಇಲ್ಲ." ಡಾಕ್ಟರು ಚಿಮಟದಿಂದ ಏನನ್ನೋ ಎತ್ತಿ ಬಿಳಿ ಕಾಗದದ ಮೇಲಿಟ್ಟರು. "ಇದೇನು ಹೇಳು."

"ಇರುವೆ."

"ಒಂದಲ್ಲ. ಇಡೀ ದಂಡೇ ಇದೆ ಇಲ್ಲಿ."

ಹೋದ ವಾರ ಇದೇ ಬೆಳ್ಳನೆಯ ವಾಂತಿಯನ್ನು ಹಾಲು ಎಂದು ತೀರ್ಮಾನಿಸಿ, ಬೀದಿಯವರೆಲ್ಲರ ಎದುರು ಹಾಲಿನ ಮಂಜುನಾಥನಿಗೆ ವಿಷಗಾರ ಎಂಬ ಪಟ್ಟ ಕಟ್ಟಿದ್ದವನು ಅವನೇ.

ಸುಮ್ಮನೆ ಕಟ್ಟಿರಲಿಲ್ಲ. ಕೂಲಿಂಗ್ ಗ್ಲಾಸ್ ತೆಗೆದು, ಒಂದು ಹೆಜ್ಜೆ ಹಿಂದಿಟ್ಟು, ಗಾಳಿಗೆ ಕೂದಲು ಹಾರುವ ತನಕ ಕಾದು, "ಹಾಲು ಬೆಳ್ಳಗಿದೆ ಮಂಜಣ್ಣ, ನಿನ್ನ ಮನಸ್ಸು ಕಪ್ಪಗಿದೆ!" ಎಂದಿದ್ದ. ಜನ ಶಿಳ್ಳೆ ಹೊಡೆದಿದ್ದರು. ಹೊಳೆನರಸೀಪುರದಲ್ಲಿ ವಿಡಿಯೋ ಕ್ಯಾಸೆಟ್ ಅಂಗಡಿ ಇಟ್ಟು, ಬೋರ್ಡಿನ ಕೆಳಗೆ 'ಪತ್ತೇದಾರಿ ಕೆಲಸಗಳನ್ನೂ ಮಾಡಿಕೊಡಲಾಗುವುದು' ಎಂದು ಬರೆಸಿಕೊಂಡ ಮೇಲೆ ಅವನಿಗೆ ಸಿಕ್ಕ ಮೊದಲ ಶಿಳ್ಳೆ ಅದು.

"ಹಾಗಾದ್ರೆ ಅದು ಇರುವೆ ತಿಂದು ಸತ್ತಿದ್ದಾ?"

"ಇರುವೆ ತಿಂದು ಸತ್ತ ನಾಯಿಮರಿನ ನಾನಂತೂ ನೋಡಿಲ್ಲ ಕಣೋ. ಮರಿಗಳಿಗೆ ಬಾಯೇ ಕೈ. ನೊಣ, ಮಿಡತೆ, ದೀಪದ ಹುಳ, ಕಂಡಿದ್ದಕ್ಕೆಲ್ಲ ಬಾಯಿ ಹಾಕತ್ವೆ. ಒಂದೆರಡು ತಿಂದ್ರೆ ಏನೂ ಆಗಲ್ಲ. ಜೇನೋ ಕಣಜವೋ ಚುಚ್ಚಿದ್ರೆ ಮುಸುಡಿ ಊದತ್ತೆ. ಜಿರಳೆ ಗಿರಳೆ ತಿಂತಾ ಇದ್ರೆ ಜಂತುಹುಳ ಆಗಬಹುದು. ಅದಕ್ಕೆಲ್ಲ ಔಷಧಿ ಇದೆ."

"ಮತ್ತೆ ಇದಕ್ಕೆ ಏನಾಯ್ತು?"

"ಹುಳ ಕೊಲ್ಲಲ್ಲ. ಹುಳಕ್ಕೆ ಅಂತ ಹಾಕಿರೋದು ಕೊಲ್ಲತ್ತೆ. ಆ ಹಿಟ್ಟಲ್ಲಿ ಏನೋ ಇತ್ತು. ಇರುವೆ ತಿಂದು ಸತ್ವು. ಮರಿ ಇರುವೆಗಳ ಜೊತೆ ಹಿಟ್ಟನ್ನೂ ನೆಕ್ಕಿದೆ. ಎರಡು ತಿಂಗಳ ಮರಿ, ಅದಕ್ಕೆಷ್ಟು ಬೇಕು?" ಡಾಕ್ಟರು ಬಾಟಲಿಯ ಮುಚ್ಚಳ ಹಾಕಿದರು. "ತುಂಬಾ ಹಸಿದಿತ್ತು ಅನ್ಸತ್ತೆ. ಹೊಟ್ಟೆ ತುಂಬಿದ್ರೆ ಬರೀ ಹಿಟ್ಟು ನೆಕ್ಕಲ್ಲ."

ಕೇದಾರ ನಗಲು ನೋಡಿದ. "ಇಂಟರ್ವಲ್ ಆದ್ಮೇಲೆ ಇಂಥದ್ದು ಬಂದ್ರೆ ಟ್ವಿಸ್ಟ್ ಅಂತಾರೆ ಡಾಕ್ಟ್ರೇ."

"ಇಲ್ಲಿ ತಪ್ಪು ಅಂತಾರೆ," ಎಂದರು ಶ್ರೀಗೌರಿ.

* * *

ಹೊರಗೆ ಅನಿಲ್‌ಕುಮಾರ್ ಮೊಪೆಡ್ ಮೇಲೆ ಕೂತು ಹಾರನ್ ಒತ್ತುತ್ತಿದ್ದ. ಪಕ್ಕದ ಹಳ್ಳಿ ಹಳೇಕೋಟೆಯ ಹುಡುಗ, ಕೇದಾರನ ಗೆಳೆಯ. ಮಂಜುನಾಥನ ಮನೆಯಿಂದ ನಾಲ್ಕು ಮನೆ ಆಚೆ ಅವನ ಮನೆ. ಹೋದ ವಾರದಿಂದ ಕೇದಾರನ ಜೊತೆ ನೆಟ್ಟಗೆ ಮಾತಾಡಿರಲಿಲ್ಲ. ಇವತ್ತು ತಾನಾಗಿಯೇ ಬಂದಿದ್ದ.

"ಲೇ ಕೇದಾರ, ಮಂಜಣ್ಣ ಇವತ್ತು ಆಣೆ ಮಾಡ್ತಾನಂತೆ ಕಣ್ಲಾ."

"ಏನಂತ?"

"ಏನಂತ ಅಂತ ಕೇಳ್ತೀಯಲ್ಲೋ! ನಾನು ಇಸ ಇಕ್ಕಿಲ್ಲ ಅಂತ. ದೀಪ ಅಚ್ಚೋ ಒತ್ಗೆ, ಒಳೆ ದಂಡೆ ಆಂಜನೇಯನ ಗುಡೀಲಿ. ಕರ್ಪೂರ ಅಚ್ಚಿ, ಮಗಳ್ ತಲೆ ಮ್ಯಾಲೆ ಕೈ ಮಡಗಿ, ಕರ್ಪೂರ ಆರಿಸೋದು."

ಅಂಥ ಆಣೆಯ ತೂಕ ಕೇದಾರನಿಗೂ ಗೊತ್ತು. ಮಾತು ಸುಳ್ಳಾದರೆ ಕೈ ಕೆಳಗಿನ ತಲೆಗೆ ತಟ್ಟುತ್ತದೆ ಎನ್ನುತ್ತಾರೆ. ನಿಜವಾದರೂ ಮಕ್ಕಳ ತಲೆ ಮುಟ್ಟಿ ಆಣೆ ಮಾಡಿದ ಮನೆಗೆ ಏಳಿಗೆಯಿಲ್ಲ ಎನ್ನುವವರೂ ಇದ್ದಾರೆ.

"ಅದ್ಯಾಕೆ ಅಲ್ಲೀವರೆಗೂ ಹೋದ?"

"ನೀನು ಕಳಿಸ್ದೆ, ಓದ." ಅನಿಲ ಮೊಪೆಡ್ಡಿನ ಕನ್ನಡಿ ಒರೆಸುತ್ತ ಹೇಳಿದ. "ಕೋಟೆ ಬೀದೀಲಿ ಒಂದು ಮನೇಲೂ ವರ್ತನೆ ಆಲು ಆಕುಸ್ಕಳಲ್ಲ. ಅವರಪ್ಪನ ಕಾಲದಿಂದ ದಿನಾ ತಪ್ಪದೆ ತಂದು ಕೊಡ್ತಿದ್ದ ಮನೆಗಳು ಕಣ್ಲಾ. ನಮ್ಮೂರಲ್ಲೂ ಕ್ಯಾನ್ ಮುಚ್ಚಳ ತೆಗೆದು ಮೂಸ್ತಾರೆ. ಅವ್ನ ಮಗಳು ಧನ್ಯಾ ಆಟಕ್ಕೋದ್ರೆ ಐಕ್ಳು 'ಇಸದ ಆಲು, ಇಸದ ಆಲು' ಅಂತ ಓಡೋಯ್ತವೆ. ಎಂಟು ವರ್ಸದ ಮಗು ಅದು."

"ಅನಿಲ..."

"ಏನು?"

"ಮರಿ ಹಾಲೇ ಕುಡಿದಿರ್ಲಿಲ್ಲ ಕಣೋ."

ಅನಿಲ ಅವನನ್ನೇ ನೋಡಿದ. ಬೈಯುತ್ತಾನೆ ಎಂದು ಕೇದಾರ ಕಾದ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಅನಿಲ ಬರೀ ಕಿಕ್ಕರ್ ತುಳಿದ.

"ಅತ್ಕೋ," ಎಂದ.

* * *

ಗೋದಮ್ಮನವರ ಮನೆ ಕೋಟೆ ಬೀದಿಯ ನಡುವೆ ಇದೆ. ಸತ್ತ ಮರಿ ಮಲಗುತ್ತಿದ್ದುದು ಕೇದಾರನ ಅಂಗಡಿ ಮೆಟ್ಟಿಲ ಮೇಲಾದರೂ ಊಟ ಮಾಡುತ್ತಿದ್ದುದು ಇಲ್ಲಿ. ಅದಕ್ಕೆ ಡಿವೈಎಸ್ಪಿ ಎಂದು ಹೆಸರಿಟ್ಟವನು ಕೇದಾರ. ಪೊಲೀಸ್ ಜೀಪು ಬಂದಾಗ ಅದನ್ನು ಆ ಹೆಸರಿನಿಂದ ಜೋರಾಗಿ ಕರೆದು, ಬಾಲ ಅಲ್ಲಾಡಿಸಿಕೊಂಡು ಓಡಿಬರುವುದನ್ನು ಕಾನ್‌ಸ್ಟೇಬಲ್ಲುಗಳಿಗೆ ತೋರಿಸಿ, ಒಂದು ಸಲ ಏಟು ಕೂಡ ತಿಂದಿದ್ದ. ಮರಿ ಮಂಜುನಾಥನ ಹಿಮ್ಮಡಿ ಕಚ್ಚಿತ್ತು, ಅವನು "ನಿಂಗೊಂದ್ ಗತಿ ಕಾಣುಸ್ತೀನಿ" ಎಂದಿದ್ದ. ಅಷ್ಟನ್ನೇ ಹಿಡಿದುಕೊಂಡು ಕೇದಾರ ಇಡೀ ಕಥೆ ಕಟ್ಟಿದ್ದ.

ಮನೆಯ ಮುಂದೆ ಮೊಪೆಡ್ ನಿಂತಿತು. ಬಾಗಿಲು ಚಿಲಕ ಹಾಕದೆ ಮುಚ್ಚಿತ್ತು.

"ಗೋದಮ್ನೋರು ರುದ್ರಪಟ್ಟಣದಿಂದ ಬಂದ್ರಾ?"

"ಸಂಗೀತೋತ್ಸವ ನಿನ್ನೆಗೆ ಮುಗೀತಂತೆ. ಅಣ್ಣನ ಮನೇಲಿದ್ರು. ಇವತ್ತು ಸಾಯಂಕಾಲದ ಬಸ್ಸಿಗೆ ಬರ್ತಾರೆ," ಎಂದ ಕೇದಾರ. ಹೇಳುತ್ತಿದ್ದ ಹಾಗೆಯೇ ಅವನ ಕಣ್ಣು ಹೊಸ್ತಿಲ ಮುಂದಿನ ಕಲ್ಲುಚಪ್ಪಡಿಗೆ ಅಂಟಿಕೊಂಡಿತು.

ಸೂರಿನ ನೆರಳಲ್ಲಿ ಒಂದು ರಂಗೋಲಿ ಇತ್ತು.

"ಅನಿಲ, ಇದನ್ನ ಯಾವತ್ತು ಬಿಟ್ಟಿದ್ದು?"

"ನಂಗೇನ್ ಗೊತ್ತು? ಅಮ್ಮಾರು ಊರಿಗೋದ ದಿನ ಇರ್ಬೇಕು. ಆಮೇಲೆ ಇಲ್ಲಿ ಗುಡಿಸೋರೂ ಇಲ್ಲ, ಸಾರಿಸೋರೂ ಇಲ್ಲ."

"ಅದೇ ಮಧ್ಯಾಹ್ನ ಮರಿ ಸತ್ತಿದ್ದು."

"ಊಂ. ಅದ್ಕೇನೀಗ?"

ಕೇದಾರ ಮಂಡಿಯೂರಿ ಕೂತ. ಬೀದಿಯ ಬೇರೆಯವರೆಲ್ಲ ಕಲ್ಲಿನ ಪುಡಿಯಲ್ಲಿ ರಂಗೋಲಿ ಹಾಕುತ್ತಾರೆ. ಗೋದಮ್ಮ ಮಾತ್ರ ಅಕ್ಕಿ ಹಿಟ್ಟಿನಲ್ಲೇ ಹಾಕುವುದು. ಇರುವೆಗಳು ತಿನ್ನಲಿ ಎಂದು. ಬೆಳಗ್ಗೆ ಬಿಟ್ಟ ಎಳೆಗಳು ಮಧ್ಯಾಹ್ನದ ಹೊತ್ತಿಗೆ ಮಾಯ. ಕಪ್ಪಿರುವೆಗಳ ಸಾಲು ಚುಕ್ಕಿಗೆ ಚುಕ್ಕಿ ಹೊತ್ತುಕೊಂಡು ಹೋಗುವುದನ್ನು ಕೇದಾರ ಚಡ್ಡಿ ಹಾಕುತ್ತಿದ್ದ ಕಾಲದಿಂದ ನೋಡಿದ್ದಾನೆ. "ಗೋದಮ್ಮನ ಅನ್ನಸಂತರ್ಪಣೆ" ಎಂದು ಬೀದಿಯವರು ತಮಾಷೆ ಮಾಡುತ್ತಿದ್ದರು.

ಈ ರಂಗೋಲಿ ಒಂದು ವಾರವಾದರೂ ಹಾಗೇ ಇತ್ತು.

ಒಂದು ಮೂಲೆ ಮಾತ್ರ ಅಳಿಸಿತ್ತು. ಅಲ್ಲಿ ಎಳೆ ಎಳೆಯಾಗಿ ಒದ್ದೆಯಾಗಿ ಒಣಗಿದ ಗುರುತು. ನಾಲಿಗೆಯಷ್ಟೇ ಅಗಲದ ಗುರುತು. ಉಳಿದ ಎಳೆಗಳ ಉದ್ದಕ್ಕೂ ಕಪ್ಪು ಕಾಳು ಚೆಲ್ಲಿದ ಹಾಗೆ ಸತ್ತ ಇರುವೆಗಳು. ಪಕ್ಕದ ಮನೆಯ ಗೋಡೆಯ ಮೇಲೆ ಜೀವಂತ ಇರುವೆಗಳ ಸಾಲೊಂದು ಇಳಿದು ಬರುತ್ತಿತ್ತು. ಚಪ್ಪಡಿಯ ಹತ್ತಿರ ಬಂದು, ಸುತ್ತು ಹಾಕಿಕೊಂಡು ಹೋಗುತ್ತಿತ್ತು.

"ಸತ್ತಿರೋವು ಇಷ್ಟು ದಿನ ಇಲ್ಲೇ ಬಿದ್ದಿದ್ವಾ?" ಅನಿಲನ ಧ್ವನಿ ಸಣ್ಣಗಾಗಿತ್ತು. "ದಿನಾ ಇದರ್ ಮುಂದೇನೆ ಓಡಾಡ್ತಿದ್ಯಲ್ಲೋ."

ಓಡಾಡುತ್ತಿದ್ದ. ಕೂಲಿಂಗ್ ಗ್ಲಾಸ್ ಹಾಕಿಕೊಂಡು.

* * *

ಚಲುವನಾರಾಯಣ ಮೇಷ್ಟ್ರು ಪಡಸಾಲೆಯ ಆರಾಮಕುರ್ಚಿಯಲ್ಲಿ ಕೂತಿದ್ದರು. ಗೋದಮ್ಮನವರ ಯಜಮಾನರು. ಕೇದಾರನಿಗೆ ಹೈಸ್ಕೂಲಿನಲ್ಲಿ ಸಂಸ್ಕೃತ ಹೇಳಿಕೊಟ್ಟವರು. ಸಕ್ಕರೆ ಕಾಯಿಲೆ. ಎಡಗಾಲಿನ ಹುಣ್ಣು ಮಾಯದೆ, ಬ್ಯಾಂಡೇಜು ಸುತ್ತಿದ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ತಿಂಗಳಾಗಿತ್ತು.

"ಬಾರೋ ಕೇದಾರ. ಯಾರದು, ಅನಿಲನಾ? ಕೂತ್ಕೊಳ್ರಪ್ಪಾ. ಕಾಫಿ ಅಂದ್ರೆ ಗೋದ ಇಲ್ಲ."

"ಕಾಫಿ ಬೇಡ ಸಾರ್. ಹಸಿವು." ಕೇದಾರ ಬಾಗಿಲ ಹಿಂದಿನ ಗೂಡಿಗೆ ಕೈ ಹಾಕಿದ. ರಂಗೋಲಿಯ ಡಬ್ಬಿ ಇರುವ ಜಾಗ ಬೀದಿಗೆಲ್ಲ ಗೊತ್ತು. ಮುಚ್ಚಳ ತೆಗೆದ. ಬೆಳ್ಳಗಿನ, ನುಣ್ಣಗಿನ ಹಿಟ್ಟು. "ಅಕ್ಕಿ ಹಿಟ್ಟಲ್ವಾ ಸಾರ್? ಸಣ್ಣೋನಿದ್ದಾಗ ಕದ್ದು ತಿಂತಿದ್ದೆ. ಸಕ್ಕರೆ ಹಾಕ್ಕೊಂಡ್ರೆ ಏನ್ ರುಚಿ ಅಂತೀರಾ."

ಒಂದು ಚಿಟಿಕೆ ತೆಗೆದು ಬಾಯಿಯ ಹತ್ತಿರ ತಂದ.

"ಬೇಡ!"

ಸ್ಟೂಲು ಉರುಳಿತು. ತಿಂಗಳಿಂದ ಕೋಲಿಲ್ಲದೆ ಎದ್ದು ನಿಲ್ಲದ ಮೇಷ್ಟ್ರು ಒಂದೇ ನೆಗೆತಕ್ಕೆ ಬಂದು ಕೇದಾರನ ಕೈಗೆ ಹೊಡೆದರು. ಹಿಟ್ಟು ನೆಲಕ್ಕೆ ಬಿತ್ತು. ಡಬ್ಬಿ ಉರುಳಿ ಗೋಡೆಗೆ ಬಡಿಯಿತು.

ಕೇದಾರನ ಕೀಟಲೆಗಳಲ್ಲೆಲ್ಲ ಇಷ್ಟು ಚೆನ್ನಾಗಿ ಫಲಿಸಿದ್ದು ಇನ್ನೊಂದಿಲ್ಲ. ಫಲಿಸದಿದ್ದರೆ ಚೆನ್ನಾಗಿತ್ತು ಅನ್ನಿಸಿದ್ದೂ ಇದೊಂದೇ.

"ಅದರಲ್ಲಿ ಏನಿದೆ ಸಾರ್?"

ಮೇಷ್ಟ್ರು ಗೋಡೆ ಹಿಡಿದುಕೊಂಡು ನಿಂತಿದ್ದರು. ಬ್ಯಾಂಡೇಜಿನ ಮೇಲೆ ಕೆಂಪು ಮೂಡುತ್ತಿತ್ತು. ಅನಿಲ ಓಡಿಹೋಗಿ ಅವರನ್ನು ಕುರ್ಚಿಗೆ ಕೂರಿಸಿದ.

"ನಿಂಗೆ ಗೊತ್ತಾಗೇ ಬಂದಿದೀಯ," ಎಂದರು ಮೇಷ್ಟ್ರು.

"ನೀವು ಹೇಳಿ ಸಾರ್."

"ಕಟ್ಟಾಯದಿಂದ ಹಳೇ ಶಿಷ್ಯ ಒಬ್ಬ ನೋಡಕ್ಕೆ ಬಂದಿದ್ದ. ಆಲೂಗಡ್ಡೆ ಹೊಲಕ್ಕೆ ಅಂತ ಬಿಳೀ ಪುಡಿ ಕೊಂಡ್ಕೊಂಡು ಹೋಗ್ತಿದ್ದ. ಇರುವೆ ಕಾಟ ಅಂದೆ. ಒಂದು ಪೊಟ್ಟಣ ಕಟ್ಟಿಕೊಟ್ಟ. 'ಒಳಗಡೆ ಎಲ್ಲೂ ಇಡಬೇಡಿ ಸಾರ್' ಅಂತಾನೂ ಹೇಳ್ದ." ಮೇಷ್ಟ್ರು ಕಣ್ಣು ಮುಚ್ಚಿದರು. "ರಂಗೋಲಿ ಹೊರಗಡೆ ಹಾಕೋದಲ್ವೇನೋ. ಅದಕ್ಕೇ ಗೋದ ಊರಿಗೆ ಹೊರಟ ದಿನ ಬೆಳಗಿನ ಜಾವ ಆ ಡಬ್ಬಿಗೆ ಬೆರೆಸಿದೆ."

"ಇರುವೆಗೋಸ್ಕರ ಇಷ್ಟೊಂದಾ ಸಾರ್?"

"ಈ ಕಾಲಿಗೆ ಬರ್ತಿದ್ವು ಕಣೋ. ಮಲಗಿದ್ದಾಗ. ಹುಣ್ಣಿಗೆ." ಅವರು ಪಂಚೆಯನ್ನು ಬ್ಯಾಂಡೇಜಿನ ಮೇಲೆ ಎಳೆದುಕೊಂಡರು. "ಎಚ್ಚರ ಆಗಿ ನೋಡಿದ್ರೆ ಸಾಲು. ಬಾಗಿಲಿಂದ ಹಾಸಿಗೇವರೆಗೂ ಸಾಲು. ಬದುಕಿರೋವಾಗ್ಲೇ."

ಅನಿಲ ಮುಖ ತಿರುಗಿಸಿದ.

"ಗೋದಮ್ನೋರಿಗೆ ಹೇಳಿದ್ರೆ ರಂಗೋಲಿ ನಿಲ್ಲಿಸ್ತಿದ್ರಲ್ಲ ಸಾರ್."

"ನಿಲ್ಲಿಸ್ತಿದ್ಳು. ಅದಕ್ಕೇ ಹೇಳ್ಲಿಲ್ಲ." ಮೇಷ್ಟ್ರು ಗೋಡೆಯ ಕಡೆ ನೋಡಿದರು. ಅಲ್ಲಿ ಒಂದು ಪಟ. ನಾಲ್ಕು ವರ್ಷದ ಹುಡುಗ, ಹಣೆಗೆ ದೃಷ್ಟಿಬೊಟ್ಟು. "ನಮ್ಮ ವಸಿಷ್ಠ. ಜ್ವರ ಬಂದು ಹೋದ. ದಿನಾ ಬೆಳಿಗ್ಗೆ ಸಕ್ಕರೆ ಡಬ್ಬಿ ಕದ್ಕೊಂಡು ಹೊಸ್ತಿಲ ಮೇಲೆ ಕೂತು ಇರುವೆಗೆ ಹಾಕೋನು. 'ಅಮ್ಮ, ಇವು ತಿಂಡಿ ತಿಂದ್ವು' ಅನ್ನೋನು. ಅವನು ಹೋದ ಮಾರನೇ ದಿನದಿಂದ ಇವಳು ಅಕ್ಕಿ ಹಿಟ್ಟು ಹಾಕ್ತಾ ಬಂದ್ಳು. ನೀವೆಲ್ಲ ರಂಗೋಲಿ ಅಂತೀರಿ. ಅವಳು ಮಗನ ಹೆಸರಲ್ಲಿ ಊಟ ಬಡಿಸ್ತಾಳೆ ಕಣೋ. ಅದನ್ನ ನನ್ನ ಕಾಲಿಗೋಸ್ಕರ ಬಿಡು ಅನ್ನಲಾ?"

"ಬಿಡು ಅನ್ಲಿಲ್ಲ. ವಿಷ ಬಡಿಸೋ ಹಾಗೆ ಮಾಡಿದ್ರಿ."

ಹೇಳಿದ ಕೂಡಲೇ ಕೇದಾರನಿಗೆ ಅದು ಡೈಲಾಗಿನ ಹಾಗೆ ಕೇಳಿಸಿತು. ಶಿಳ್ಳೆ ಬೀಳುವಂಥ ಡೈಲಾಗು. ನಾಲಿಗೆ ಕಚ್ಚಿಕೊಂಡ.

ಮೇಷ್ಟ್ರು ತಲೆಯಾಡಿಸಿದರು. "ಅವಳು ಊರಿಂದ ಬರೋದ್ರೊಳಗೆ ಹಿಟ್ಟು ಬದಲಾಯಿಸಬೇಕು ಅಂತಿದ್ದೆ. ದಿನಾ ಡಬ್ಬಿ ಹತ್ರ ಹೋಗ್ತಿದ್ದೆ. ಮುಟ್ಟೋಕೆ ಆಗ್ಲಿಲ್ಲ. ಆ ಮರಿ ನನ್ನ ಕಾಲ ಹತ್ರಾನೇ ಮಲಗ್ತಿತ್ತು ಗೊತ್ತಾ, ಮಧ್ಯಾಹ್ನದ ಹೊತ್ತು."

"ಮಂಜಣ್ಣನ ಮೇಲೆ ನಾನು ಕೂಗಾಡಿದಾಗ ನಿಮಗೆ ಕೇಳಿಸ್ತಾ?"

"ಕೇಳಿಸ್ತು. ಕಿಟಕಿ ಹಾಕ್ಕೊಂಡೆ."

"ಅವತ್ತೇ ಬಂದು ಹೇಳಬಹುದಿತ್ತಲ್ಲ ಸಾರ್!"

"ನೀನೂ ಅವತ್ತೇ ಬಂದು ಕೇಳಬಹುದಿತ್ತಲ್ಲೋ."

ಮರಿಗೆ ಊಟ ಹಾಕುತ್ತಿದ್ದ ಮನೆ ಇದು. ಇಲ್ಲಿ ಒಂದು ಮಾತು ಕೇಳದೆ ಬೀದಿಗೆ ಇಳಿದಿದ್ದ ಅವನು. ಯಾವ ಮೂರನೇ ದರ್ಜೆ ಸಿನಿಮಾದ ಪತ್ತೇದಾರನೂ ಮಾಡದ ತಪ್ಪು.

ಅನಿಲ ಬಾಗಿಲ ಹೊರಗೆ ಬಿಸಿಲು ನೋಡಿದ. "ಒತ್ತಾಯ್ತು ಕಣ್ಲಾ. ಗುಡೀಲಿ ಜನ ಸೇರಿರ್ತಾರೆ."

"ಸಾರ್, ನೀವು ಬರಬೇಕು."

"ನಾನು ಬಾಯಿ ಬಿಟ್ರೆ ಮಂಜುನಾಥ ಉಳೀತಾನೆ. ಗೋದ ಉಳಿಯಲ್ಲ ಕೇದಾರ. ಮಗನ ಹೆಸರಲ್ಲಿ ಅವತ್ತು ಏನು ಹಾಕ್ದೆ ಅಂತ ಗೊತ್ತಾದ್ರೆ..."

"ಮಂಜಣ್ಣನ ಕೈ ಮಗಳ ತಲೆ ಮೇಲಿರತ್ತೆ ಸಾರ್."

ಮೇಷ್ಟ್ರು ಪಟದ ಕಡೆ ನೋಡಿದರು. ಆಮೇಲೆ ಗೂಟಕ್ಕೆ ಹಾಕಿದ್ದ ಶಲ್ಯ ತೆಗೆದು ಹೆಗಲಿಗೆ ಹಾಕಿಕೊಂಡರು.

"ಅನಿಲ, ನಿನ್ನ ಗಾಡಿ ಮೂರು ಜನಾನ ಎಳೆಯತ್ತೇನಪ್ಪಾ?"

"ನಮ್ಮಪ್ಪ ಇದ್ರ ಮ್ಯಾಲೆ ಕರೂನೇ ಕೂರಿಸ್ಕಂಡು ಬಂದವ್ರೆ. ಬನ್ನಿ ಸಾ."

* * *

ಆಂಜನೇಯನ ಗುಡಿಯ ಮುಂದೆ ಕೋಟೆ ಬೀದಿಯೇ ಬಂದು ನಿಂತಿತ್ತು. ಸೂರ್ಯ ಹೊಳೆಯಾಚೆ ಇಳಿಯುತ್ತಿದ್ದ. ಮೇಷ್ಟ್ರು ಮೊಪೆಡ್ಡಿನಿಂದ ಇಳಿದು ಕೇದಾರನ ಭುಜ ಹಿಡಿದುಕೊಂಡರು. ಒಂದೊಂದು ಹೆಜ್ಜೆಗೂ ಹಲ್ಲು ಕಚ್ಚುತ್ತಿದ್ದರು.

ಪೂಜಾರಿ ತಟ್ಟೆಯಲ್ಲಿ ಕರ್ಪೂರ ಹಚ್ಚಿಯಾಗಿತ್ತು. ಅದರ ಎದುರಿಗೆ ಮಂಜುನಾಥ. ಒಗೆದ ಬಿಳಿ ಶರ್ಟು, ಬರಿಗಾಲು. ಪಕ್ಕದಲ್ಲಿ ಮಗಳು ಧನ್ಯಾ, ಎರಡು ಜಡೆ, ಹಬ್ಬದ ಲಂಗ. ಏನೋ ಹಬ್ಬವೆಂದೇ ಅವಳನ್ನು ನಂಬಿಸಿ ಕರೆತಂದಿದ್ದರು.

ಮಂಜುನಾಥ ಅವಳ ತಲೆಯ ಮೇಲೆ ಕೈಯಿಟ್ಟ.

"ಬ್ಯಾಡ ಕಣಯ್ಯೋ!" ಅವನ ಹೆಂಡತಿ ರೇವಮ್ಮ ಜನರ ನಡುವಿನಿಂದ ನುಗ್ಗಿಬಂದಳು. "ನಿನ್ ಮಾನ ನಿಂಗೆ ದೊಡ್ಡದಾ? ಈ ಮಗೀನ ಬಿಟ್ರೆ ನಂಗ್ಯಾರವ್ರೆ? ಆಲು ಮಾರ್ದೆ ಓದ್ರೆ ಕೂಲಿ ಮಾಡಾನ. ತೆಗಿ ಕೈಯ!"

"ಸುಮ್ಕಿರು ರೇವೂ."

"ಸುಮ್ಕಿರಕಿಲ್ಲ. ತೆಗಿ ಅಂದ್ನಲ್ಲ!"

ಧನ್ಯಾ ಅಮ್ಮನನ್ನು ನೋಡಿ ಅಳಲು ಶುರುಮಾಡಿದಳು. ಮಂಜುನಾಥ ಮಗಳನ್ನು ನೋಡಿದ, ಕರ್ಪೂರ ನೋಡಿದ. ಕೈ ತೆಗೆದ.

"ನಿಲ್ಲಿಸಿ!" ಎಂದು ಕೂಗಲು ಕೇದಾರ ಬಾಯಿ ತೆರೆದ. ಅಷ್ಟರಲ್ಲಿ ಮಂಜುನಾಥನೇ ಮಾತಾಡಿದ.

"ನಾನೇ ಇಕ್ಕಿದ್ದು ಕಣ್ರಪ್ಪಾ."

ಪೂಜಾರಿ ತಟ್ಟೆ ಹಿಡಿದ ಕೈ ಹಿಂದಕ್ಕೆಳೆದುಕೊಂಡ.

"ಆಲಿಗೆ ಬೆರೆಸಿ ಇಕ್ಬುಟ್ಟೆ. ಆಣೆ ಗೀಣೆ ಏನೂ ಬ್ಯಾಡ. ಈಗೇನ್ ಮಾಡ್ತೀರೋ ಮಾಡ್ಕಳಿ. ನನ್ ಮಗೀನ ಮಾತ್ರ ಯಾರೂ ಏನೂ ಅನ್ಬ್ಯಾಡಿ."

ಒಮ್ಮೆಲೇ ಗದ್ದಲ ಎದ್ದಿತು. ಯಾರೋ ಕೇದಾರನ ಬೆನ್ನು ತಟ್ಟಿದರು. "ಭಲೇ ಕೇದಾರ! ಮೊದಲ್ನೇ ದಿನಾನೇ ಹಿಡಿದಿದ್ದೆ ನೀನು!" ಹಿಂದಿನಿಂದ ಒಂದು ಶಿಳ್ಳೆ ಕೇಳಿಸಿತು.

ಭುಜದ ಮೇಲಿನ ಭಾರ ಸಡಿಲವಾಯಿತು. ತಿರುಗಿ ನೋಡಿದ. ಮೇಷ್ಟ್ರು ಕೈ ತೆಗೆದಿದ್ದರು.

"ಅವನೇ ಒಪ್ಕೊಂಡ್ನಲ್ಲಪ್ಪಾ," ಎಂದರು. ಕೇದಾರನಿಗೆ ಮಾತ್ರ ಕೇಳಿಸುವಷ್ಟು ಮೆಲ್ಲಗೆ.

"ಸಾರ್!"

"ಒಪ್ಕೊಂಡ್ನಲ್ಲ." ಅವರ ಮುಖದಲ್ಲಿ ಮೂಡಿದ ನೆಮ್ಮದಿಯನ್ನು ನೋಡಿ ಕೇದಾರ ಹೆದರಿದ. ಮೇಷ್ಟ್ರು ಗುಡಿಗೆ ಬೆನ್ನು ಮಾಡಿ ಒಂದು ಹೆಜ್ಜೆ ಇಟ್ಟರು.

"ಏನು ಬೆರೆಸಿದ್ಯೋ ಮಂಜುನಾಥ?"

ಹೆಂಗಸಿನ ಧ್ವನಿ. ಜನ ದಾರಿ ಬಿಟ್ಟರು. ಕೈಯಲ್ಲಿ ಊರಿಂದ ತಂದ ಬ್ಯಾಗು, ಹಣೆಯ ಮೇಲೆ ಬಸ್ಸಿನ ಧೂಳು. ಗೋದಮ್ಮ ಬಸ್‌ಸ್ಟ್ಯಾಂಡಿನಿಂದ ಮನೆಗೂ ಹೋಗದೆ ನೇರವಾಗಿ ಬಂದಿದ್ದರು.

"ಆಟೋದವನು ಹೇಳ್ದ. ನಮ್ಮನೆ ಮರಿ ಹೋಯ್ತಂತೆ. ನೀನು ಹಾಲಿಗೆ ವಿಷ ಹಾಕಿದ್ಯಂತೆ. ಎಲ್ಲಿ, ನನ್ನ ಮುಖ ನೋಡ್ಕೊಂಡು ಹೇಳು."

ಮಂಜುನಾಥ ಮುಖ ಎತ್ತಲಿಲ್ಲ. "ಊಂ ಅಮ್ಮಾರೆ."

"ಅವತ್ತು ಏಕಾದಶಿ. ಒಲೆ ಹಚ್ಚಿರ್ಲಿಲ್ಲ ನಾನು. ನೀನು ತಂದ ಹಾಲನ್ನ ಪಾತ್ರೆ ಸಮೇತ ನರಸಿಂಹಸ್ವಾಮಿ ಅಭಿಷೇಕಕ್ಕೆ ಕೊಟ್ಟು ಬಸ್ ಹತ್ತಿದೆ." ಗೋದಮ್ಮ ಜನರ ಕಡೆ ತಿರುಗಿದರು. "ಆ ತೀರ್ಥ ಕುಡಿದೋರು ಇಲ್ಲೇ ನಿಂತಿದೀರಲ್ಲ. ಯಾರಿಗಾದ್ರೂ ಹೊಟ್ಟೆನೋವು ಬಂತಾ?"

ಬೆನ್ನು ತಟ್ಟಿದ್ದ ಕೈ ಕೇದಾರನ ಬೆನ್ನಿನಿಂದ ಕೆಳಗಿಳಿಯಿತು.

"ಮರಿ ಹಿಂದೇನೇ ಬಂತು. ಬಾಲ ಅಲ್ಲಾಡಿಸ್ಕೊಂಡು, ಸೆರಗು ಎಳ್ಕೊಂಡು. ಹೊತ್ತಾಯ್ತು ಅಂತ ಒಂದು ತೊಟ್ಟು ಹಾಲು ಹಾಕದೆ ಹೋದೆ ನಾನು. ಹಸ್ಕೊಂಡು ಸತ್ತಿದೆ ಅದು. ಹಾಗಿರೋವಾಗ ನೀನು ಯಾವ ಹಾಲಿಗೆ ಬೆರೆಸಿದೆ?"

"ಬುಡಿ ಅಮ್ಮಾರೆ," ಎಂದ ಮಂಜುನಾಥ. ಅವನ ಧ್ವನಿ ಒಡೆದಿತ್ತು. "ದಮ್ಮಯ್ಯ ಅಂತೀನಿ, ಏನೂ ಕೇಳ್ಬ್ಯಾಡಿ. ನಂದೇ ಅಂತ ಇದ್ಬುಡ್ಲಿ."

"ಯಾರಿಗೋಸ್ಕರ ಸುಳ್ಳು ಹೇಳ್ತಿದೀಯ?"

ಮಂಜುನಾಥನ ಕಣ್ಣು ಒಂದೇ ಒಂದು ಸಲ, ತಡೆಯಲಾಗದೆ, ಗೋದಮ್ಮನವರ ಭುಜದಾಚೆ ಹೋಯಿತು. ಮೇಷ್ಟ್ರ ಮೇಲೆ ನಿಂತಿತು.

ಕೇದಾರನಿಗೆ ಆಗ ಹೊಳೆಯಿತು. ದಿನಾ ಬೆಳಕು ಹರಿಯುವ ಮುಂಚೆ ಹಾಲು ಹಿಡಿದು ಆ ಹೊಸ್ತಿಲ ಮುಂದೆ ನಿಲ್ಲುವವನು ಇವನೊಬ್ಬನೇ. ಮೇಷ್ಟ್ರು ಡಬ್ಬಿಗೆ ಪುಡಿ ಬೆರೆಸುವುದನ್ನು ನೋಡಿರಬೇಕು. ಇವನಿಗೆ ಎಲ್ಲಾ ಗೊತ್ತಿತ್ತು. ಬೀದಿಯೇ ಉಗಿದರೂ ಇವನು ಬಾಯಿ ಬಿಟ್ಟಿರಲಿಲ್ಲ.

ಗೋದಮ್ಮ ಮಂಜುನಾಥನ ನೋಟದ ಹಿಂದೆಯೇ ತಿರುಗಿದರು.

"ರೀ," ಎಂದರು. "ತಿಂಗಳಿಂದ ಹೊಸ್ತಿಲು ದಾಟದೋರು ನೀವು. ಇಲ್ಲಿಗ್ಯಾಕೆ ಬಂದ್ರಿ?"

ಮೇಷ್ಟ್ರು ನಿಂತಲ್ಲೇ ನಿಂತರು. ಬ್ಯಾಂಡೇಜಿನಿಂದ ಒಸರಿದ ರಕ್ತ ಚಪ್ಪಲಿಗೆ ಇಳಿದಿತ್ತು.

"ಕೇದಾರ ಕರೆದ..." ಎಂದರು.

"ಯಾಕೋ ಕರೆದೆ ಕೇದಾರ?"

ಅವನ ಇಡೀ ಅಂಗಡಿಯಲ್ಲಿದ್ದ ಒಂದು ಕ್ಯಾಸೆಟ್ಟಿನಲ್ಲೂ ಈ ಪ್ರಶ್ನೆಗೆ ಮಾತು ಬರೆದಿರಲಿಲ್ಲ. ಹೇಳಿದರೆ ಈ ಹೆಂಗಸು ಇನ್ನೊಂದು ಸಲ ಮಗನನ್ನು ಕಳೆದುಕೊಳ್ಳುತ್ತಾಳೆ. ಹೇಳದಿದ್ದರೆ ಎರಡು ಜಡೆಯ ಆ ಮಗು ಬದುಕಿಡೀ ವಿಷ ಹಾಕಿದವನ ಮಗಳು.

"ಅವನೂ ಹೇಳಲ್ಲ. ಇವನೂ ಹೇಳಲ್ಲ," ಎಂದರು ಗೋದಮ್ಮ. ಪೂಜಾರಿಯ ಕೈಯಿಂದ ತಟ್ಟೆ ತೆಗೆದುಕೊಂಡರು. ಆರುತ್ತಿದ್ದ ಕರ್ಪೂರದ ಪಕ್ಕ ಹೊಸದೊಂದು ಬಿಲ್ಲೆ ಇಟ್ಟರು. ಅದು ಭಗ್ಗನೆ ಹೊತ್ತಿಕೊಂಡಿತು.

"ಆಣೆಗೆ ಮಕ್ಕಳ ತಲೆ ಯಾಕೆ? ನನ್ನದಿದೆಯಲ್ಲ." ಗಂಡನ ಎದುರಿಗೆ ಬಂದು ಅವರು ತಲೆ ಬಗ್ಗಿಸಿ ನಿಂತರು. "ನಂಗೇನೂ ಗೊತ್ತಿಲ್ಲ ಗೋದಾ ಅಂತ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿ. ಕರ್ಪೂರ ಆರಿಸಿ. ನಂಬ್ತೀನಿ. ಯಾರನ್ನೂ ಒಂದು ಮಾತು ಕೇಳಲ್ಲ. ಇಬ್ರೂ ಮನೆಗೆ ಹೋಗೋಣ."

ಉರಿ ಮೇಷ್ಟ್ರ ಕನ್ನಡಕದಲ್ಲಿ ಕುಣಿಯಿತು. ಅವರ ತುಟಿ ಅಲುಗಿತು.

ಬಲಗೈ ಮೆಲ್ಲಗೆ ಮೇಲೆದ್ದು ಬಂದು ಹೆಂಡತಿಯ ತಲೆಯ ಮೇಲೆ ಕೂತಿತು.